ನೆಲದಿಂದ ಎದ್ದ ಸಾಮ್ರಾಜ್ಯ: ಶಾನ್‌ಷಿ ಇತಿಹಾಸ ವಸ್ತುಸಂಗ್ರಹಾಲಯ ನಡೆದುಬಂದ ದಾರಿ

ಚೀನಾದ ಚಕ್ರವರ್ತಿಗಳ ಪರಂಪರೆ ಎಂದಾಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಬೀಜಿಂಗ್‌ನ ಅರಮನೆ. 1925ರಲ್ಲಿ ಅಲ್ಲಿ ಅರಮನೆ ವಸ್ತುಸಂಗ್ರಹಾಲಯ ತೆರೆದಾಗ, ಚಿಂಗ್ ದೊರೆಗಳ ಕಾಲದವರೆಗೆ ಕೂಡುತ್ತ ಬಂದಿದ್ದ ರಾಜಭಂಡಾರವೇ ಅದರ ಮೂಲ ಸಂಗ್ರಹವಾಯಿತು. ಷಿಯಾನ್ ನಗರದಲ್ಲಿರುವ ಶಾನ್‌ಷಿ ಇತಿಹಾಸ ವಸ್ತುಸಂಗ್ರಹಾಲಯದ ಹುಟ್ಟು ಹಾಗಲ್ಲ. ಇದಕ್ಕೆ ಯಾವ ದೊರೆಯ ಖಜಾನೆಯೂ ಬಳುವಳಿಯಾಗಿ ಬರಲಿಲ್ಲ. ಇಲ್ಲಿನ ಹೆಸರಾಂತ ವಸ್ತುಗಳಲ್ಲಿ ಬಹುಪಾಲು ಆ ಪ್ರಾಂತ್ಯದ ಮಣ್ಣಿನಿಂದಲೇ ಮೇಲೆದ್ದವು. ಕೆಲವು ಹೊಲ ಹದ ಮಾಡುವಾಗ ಸಿಕ್ಕವು, ಕೆಲವು ಕಟ್ಟಡದ ಪಾಯ ತೋಡುವಾಗ, ಇನ್ನು ಕೆಲವು ಪುರಾತತ್ತ್ವಜ್ಞರು ಸಮಾಧಿಗಳನ್ನು ಪದರ ಪದರವಾಗಿ ಬಿಡಿಸುವಾಗ. ಆದ್ದರಿಂದ ಅವುಗಳಿಗೆ ಒಂದು ಊರಿದೆ, ಸಿಕ್ಕ ಕಾಲವಿದೆ, ಜೊತೆಯಲ್ಲಿ ಏನೇನಿತ್ತು ಎಂಬ ದಾಖಲೆಯಿದೆ. ಈ ಸಂಸ್ಥೆಯ ನಿಜವಾದ ಸಂಪತ್ತು ಚಿನ್ನ ಬೆಳ್ಳಿಗಿಂತ ಹೆಚ್ಚಾಗಿ ಆ ವಿಳಾಸಗಳಲ್ಲಿದೆ ಎಂದು ನಾನು ನಂಬಿದ್ದೇನೆ. ಅದರ ಇತಿಹಾಸವನ್ನು ಆ ನೆಲೆಯಿಂದ ನೋಡುವುದು ಈ ಲೇಖನದ ಉದ್ದೇಶ.

ರಾಜಧಾನಿಗಳ ನೆಲ

ಶಾನ್‌ಷಿಯ ನಡುವೆ ವೇಯ್ ನದಿಯ ಬಯಲಿದೆ. ಪಶ್ಚಿಮ ಝೌ ಅರಸರು ಆಳಿದ್ದು ಇಲ್ಲಿಂದ. ಚೀನಾವನ್ನು ಕ್ರಿ.ಪೂ. 221ರಲ್ಲಿ ಒಂದುಗೂಡಿಸಿದ ಚಿನ್ ಚಕ್ರವರ್ತಿಯ ರಾಜಧಾನಿ ಷಿಯಾನ್‌ಯಾಂಗ್ ಇದ್ದದ್ದು ಈ ನದಿಯ ದಡದಲ್ಲಿ. ಹಾನ್ ಮತ್ತು ತಾಂಗ್ ವಂಶಗಳ ಚಾಂಗಾನ್ ನಗರ, ಎಂದರೆ ಇಂದಿನ ಷಿಯಾನ್, ಬೆಳೆದದ್ದೂ ಇದೇ ಬಯಲಿನಲ್ಲಿ. ತಾಂಗ್ ಕಾಲದ ಚಾಂಗಾನ್ ಸುಮಾರು 84 ಚದರ ಕಿಲೋಮೀಟರ್ ಹರಡಿತ್ತು. ನೇರ ಬೀದಿಗಳು ಅದನ್ನು ನೂರಕ್ಕೂ ಹೆಚ್ಚು ಕೇರಿಗಳಾಗಿ ಹಂಚಿದ್ದವು. ಪಶ್ಚಿಮ ಹಾನ್ ವಂಶದ 11 ಚಕ್ರವರ್ತಿ ಸಮಾಧಿಗಳೂ ತಾಂಗ್ ವಂಶದ 18 ಸಮಾಧಿಗಳೂ ಈ ಸೀಮೆಯಲ್ಲಿಯೇ ಇವೆ.

904ರಲ್ಲಿ ಸೇನಾಧಿಪತಿ ಝು ವೆನ್ ತಾಂಗ್ ದೊರೆಯನ್ನು ಪೂರ್ವದ ಲುವೊಯಾಂಗ್‌ಗೆ ಬಲವಂತವಾಗಿ ಸಾಗಿಸಿದ. ಚಾಂಗಾನ್‌ನ ಅರಮನೆ, ಕಚೇರಿ, ಮನೆಗಳನ್ನು ಕೆಡವಿಸಿ ಮರದ ತೊಲೆಗಳನ್ನು ವೇಯ್ ನದಿಯಲ್ಲಿ ತೇಲಿಬಿಡಿಸಿದ. ಅಲ್ಲಿಂದ ಮುಂದೆ ಈ ಊರು ಚೀನಾದ ರಾಜಧಾನಿಯಾಗಿ ಮತ್ತೆ ತಲೆಯೆತ್ತಲಿಲ್ಲ. ಮೇಲಿನದು ಹಾಳಾಯಿತು, ಕೆಳಗಿನದು ಉಳಿಯಿತು. ಗೋಧಿ ಹೊಲಗಳ ಅಡಿಯಲ್ಲಿ ಸಾಮ್ರಾಜ್ಯದ ಅವಶೇಷ ಸಾವಿರ ವರ್ಷ ಮಲಗಿತು.

ಕಲ್ಲಿನ ಕಾಡಿನಿಂದ ಹೊಸ ಕಟ್ಟಡಕ್ಕೆ

ಷಿಯಾನ್‌ನಲ್ಲಿ ಹಳೆಯದನ್ನು ಕೂಡಿಡುವ ಪದ್ಧತಿ ಈ ವಸ್ತುಸಂಗ್ರಹಾಲಯಕ್ಕಿಂತ ಬಹಳ ಹಿಂದಿನದು. ತಾಂಗ್ ದೊರೆಗಳು 837ರಲ್ಲಿ ಕನ್‌ಫ್ಯೂಷಿಯಸ್ ಪಂಥದ ಮೂಲಗ್ರಂಥಗಳನ್ನು 114 ಕಲ್ಲುಗಳ ಎರಡೂ ಬದಿಗೆ ಕೆತ್ತಿಸಿದ್ದರು. ನಗರ ಹಾಳಾದ ಮೇಲೆ ಗಾಳಿ ಮಳೆಗೆ ಬಿದ್ದಿದ್ದ ಆ ಕಲ್ಲುಗಳನ್ನು ಸಾಂಗ್ ಕಾಲದ ಅಧಿಕಾರಿಗಳು 1087ರಲ್ಲಿ ಒಂದೆಡೆ ತಂದು ನಿಲ್ಲಿಸಿದರು. ಮುಂದೆ ಶಾಸನಗಳು ಸೇರುತ್ತ ಸೇರುತ್ತ ಅದು 'ಕಲ್ಲುಗಳ ಕಾಡು' ಎಂದೇ ಪ್ರಸಿದ್ಧವಾಯಿತು. 1944ರಲ್ಲಿ ಪ್ರಾಂತ್ಯದ ವಸ್ತುಸಂಗ್ರಹಾಲಯ ಶುರುವಾದದ್ದು ಈ ಆವರಣದಲ್ಲಿ, ಕನ್‌ಫ್ಯೂಷಿಯಸ್ ಮಂದಿರದ ಹಳೆಯ ಕಟ್ಟಡಗಳಲ್ಲಿ.

1950ರ ಬಳಿಕ ಷಿಯಾನ್ ಸುತ್ತಮುತ್ತ ಕಾರ್ಖಾನೆ, ರಸ್ತೆ, ವಸತಿಗಳ ಕೆಲಸ ಬಿರುಸಾಯಿತು. ಎಲ್ಲಿ ಗುದ್ದಲಿ ಹಾಕಿದರೂ ಏನಾದರೊಂದು ಸಿಗತೊಡಗಿತು. ಮಂದಿರದ ಅಂಕಣಗಳು ಶಾಸನಗಳಿಗೆ ಸಾಕಾಗಿದ್ದವು. ಕಂಚಿನ ಪಾತ್ರೆ, ಮಣ್ಣಿನ ಬೊಂಬೆ, ಭಿತ್ತಿಚಿತ್ರಗಳಿಗೆ ಸಾಲುವಂತಿರಲಿಲ್ಲ. 1973ರಲ್ಲಿ ಪ್ರಧಾನಿ ಚೌ ಎನ್ ಲಾಯ್ ಷಿಯಾನ್‌ಗೆ ಬಂದಾಗ ಈ ಸಂಗ್ರಹವನ್ನು ನೋಡಿ, ನಗರದ ದಕ್ಷಿಣದಲ್ಲಿರುವ 'ದಾಯಾನ್ ತಾ', ಅಂದರೆ ದೊಡ್ಡ ಕಾಡುಬಾತು ಗೋಪುರದ ಸಮೀಪ ಹೊಸ ವಸ್ತುಸಂಗ್ರಹಾಲಯ ಕಟ್ಟಬೇಕೆಂದು ಸೂಚಿಸಿದರು. ಆ ಮಾತು ಕಾರ್ಯರೂಪಕ್ಕೆ ಬರಲು ಹತ್ತು ವರ್ಷ ಹಿಡಿಯಿತು. 1983ರಲ್ಲಿ ಸಿದ್ಧತೆ ಶುರುವಾಯಿತು. 1991ರ ಜೂನ್ 20ರಂದು ಬಾಗಿಲು ತೆರೆಯಿತು. ಆಗ ಅದು ಚೀನಾದ ಮೊದಲ ದೊಡ್ಡ ಆಧುನಿಕ ವಸ್ತುಸಂಗ್ರಹಾಲಯವೆಂದು ಹೆಸರಾಯಿತು. ಹಳೆಯ ಆವರಣ ಶಾಸನಗಳ ಪ್ರತ್ಯೇಕ ವಸ್ತುಸಂಗ್ರಹಾಲಯವಾಗಿ ಉಳಿಯಿತು.

ಹೊಸ ಕಟ್ಟಡದ ವಾಸ್ತುಶಿಲ್ಪಿ ಝಾಂಗ್ ಜಿನ್‌ಚಿಯು 1936ರಲ್ಲಿ ಹುಟ್ಟಿದವರು. ಚೀನೀ ವಾಸ್ತುಶಿಲ್ಪದ ಇತಿಹಾಸಕ್ಕೆ ಬುನಾದಿ ಹಾಕಿದ ಲಿಯಾಂಗ್ ಸಿಚೆಂಗ್ ಅವರ ಶಿಷ್ಯೆ. ನಡುವೆ ಮುಖ್ಯ ಮಂದಿರ, ನಾಲ್ಕು ಮೂಲೆಗೆ ನಾಲ್ಕು ಎತ್ತರದ ಮಂಟಪ, ಅವುಗಳನ್ನು ಕೂಡಿಸುವ ಮೊಗಸಾಲೆಗಳು: ತಾಂಗ್ ಅರಮನೆಯ ಈ ವಿನ್ಯಾಸವನ್ನು ಅವರು ಕಾಂಕ್ರೀಟಿನಲ್ಲಿ ಮತ್ತೆ ಎಬ್ಬಿಸಿದರು. ಆದರೆ ಬೀಜಿಂಗ್ ಅರಮನೆಯ ಹಳದಿ ಹೆಂಚನ್ನೂ ಕೆಂಪು ಗೋಡೆಯನ್ನೂ ಬಳಸಲಿಲ್ಲ. ಬೂದು ಬಣ್ಣದ ಹೆಂಚು, ಬಿಳಿ ಗೋಡೆ, ಗಾಂಭೀರ್ಯಕ್ಕೆ ಅಗಲವಾಗಿ ಚಾಚಿದ ಸೂರು, ಇಷ್ಟೇ. ಸುಮಾರು 65,000 ಚದರ ಮೀಟರ್ ನಿವೇಶನದಲ್ಲಿ ಸುಮಾರು 55,600 ಚದರ ಮೀಟರ್ ಕಟ್ಟಡ ಎದ್ದಿತು. ಒಳಗೆ ಕಾಲಿಟ್ಟ ತಕ್ಷಣ ಎದುರಾಗುವುದು ಹೆಜ್ಜೆ ಹಾಕುತ್ತಿರುವ ಬೃಹತ್ ಸಿಂಹ. ವು ಝೆತಿಯಾನ್ ಸಾಮ್ರಾಜ್ಞಿಯ ತಾಯಿಯ ಸಮಾಧಿಯಾದ ಶುನ್‌ಲಿಂಗ್‌ನಲ್ಲಿರುವ ಕಲ್ಲಿನ ಸಿಂಹದ ಪ್ರತಿಕೃತಿ ಅದು. ಮೂಲ ಸಿಂಹ ಇಂದಿಗೂ ತನ್ನ ಜಾಗದಲ್ಲೇ ಇದೆ. ಹೊರಗೆ ನಿಲ್ಲಬೇಕಾದದ್ದು ಹೊರಗೇ ನಿಲ್ಲಲಿ ಎಂಬ ವಿವೇಕ ಈ ಸಂಸ್ಥೆಗೆ ಒಪ್ಪುವಂಥದ್ದು.

ಚೌ ಎನ್ ಲಾಯ್ ತೋರಿಸಿದ ಆ ಗೋಪುರಕ್ಕೂ ಕನ್ನಡ ನಾಡಿಗೂ ನಂಟಿದೆ. ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ ಚಾಂಗಾನ್‌ಗೆ ಮರಳಿದಾಗ 657 ಗ್ರಂಥಗಳನ್ನು 20 ಕುದುರೆಗಳ ಮೇಲೆ ಹೇರಿ ತಂದಿದ್ದ. ಅವನ್ನು ಕಾಪಾಡಲೆಂದೇ 652ರಲ್ಲಿ ಈ ಗೋಪುರ ಎದ್ದದ್ದು. ಇದೇ ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸ ಕಥನದಲ್ಲಿ ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೆಸರಿಸಿ, ಉತ್ತರದ ಹರ್ಷನಿಗೂ ಅವನನ್ನು ಮಣಿಸಲಾಗಲಿಲ್ಲವೆಂದು ಬರೆದ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಹೇಳುವುದಕ್ಕೆ ಚಾಂಗಾನ್‌ನಲ್ಲಿ ಸಿದ್ಧವಾದ ಈ ಬರಹ ಹೊರಗಿನ ಸಾಕ್ಷಿ. ನಮ್ಮ ಅರಸನೊಬ್ಬನ ಕೀರ್ತಿ ದಾಖಲಾದ ಊರಿನ ಚರಿತ್ರೆ ನಮಗೂ ಬೇಕಾದದ್ದೇ.

ಕೊಟ್ಟವರ ಕೈ

ಸಂಗ್ರಹದಲ್ಲಿ ಒಂದು ಪುಟ್ಟ ಮುದ್ರೆಯಿದೆ. ಬಿಳಿ ಜೇಡ್ ಕಲ್ಲಿನದು. ತಳ 2.8 ಸೆಂಟಿಮೀಟರ್ ಚೌಕ, ಎತ್ತರ 2 ಸೆಂಟಿಮೀಟರ್, ತೂಕ 33 ಗ್ರಾಂ. ಹಿಡಿಯುವ ಕಡೆ ಹುದುಗಿ ಕುಳಿತ ಹುಲಿಯಂಥ ಪ್ರಾಣಿ, ನಾಲ್ಕು ಪಕ್ಕದಲ್ಲಿ ಮೋಡದ ಸುರುಳಿ, ತಳದಲ್ಲಿ ನಾಲ್ಕು ಅಕ್ಷರ. ಇದು ಸಾಮ್ರಾಜ್ಞಿಯ ಮುದ್ರೆ ಎಂದು ಆ ಅಕ್ಷರಗಳು ಸಾರುತ್ತವೆ. 1968ರಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಹಳ್ಳಿಯ ಹುಡುಗನೊಬ್ಬನಿಗೆ ಕಾಲುವೆಯ ದಂಡೆಯಲ್ಲಿ ಇದು ಮಿನುಗಿ ಕಂಡಿತು. ಸಿಕ್ಕ ಜಾಗ ಹಾನ್ ವಂಶದ ಸ್ಥಾಪಕ ಗಾವೊಝುವಿನ ಸಮಾಧಿಯಿಂದ ಸುಮಾರು ಒಂದು ಕಿಲೋಮೀಟರ್. ಅದರಿಂದಾಗಿ ಇದು ಅವನ ರಾಣಿ ಲೂ ಅವಳದಿರಬೇಕು ಎಂಬ ಅಭಿಪ್ರಾಯ ಬಲವಾಗಿದೆ.

ಆ ಕಾಲ ಎಂಥದ್ದು ಎಂಬುದನ್ನು ಮರೆಯಬಾರದು. ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಹಳೆಯದೆಲ್ಲವನ್ನೂ ಒಡೆದುಹಾಕುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಒಬ್ಬ ರೈತ ತಂದೆ ಮಗನ ಕೈಯ ಕಲ್ಲನ್ನು ನೋಡಿ, ಇದು ಸಾಮಾನ್ಯದ್ದಲ್ಲ ಎಂದು ತಿಳಿದು, ಷಿಯಾನ್‌ನ ವಸ್ತುಸಂಗ್ರಹಾಲಯಕ್ಕೆ ಒಯ್ದು ಒಪ್ಪಿಸಿದ. ಪ್ರಯಾಣದ ಖರ್ಚಿಗೆಂದು ಅವನಿಗೆ ಸಿಕ್ಕದ್ದು 20 ಯುವಾನ್. ಎಲ್ಲಿ ಸಿಕ್ಕಿತೆಂದು ಆ ಕುಟುಂಬ ತೋರಿಸಿದ್ದರಿಂದಲೇ ವಿದ್ವಾಂಸರಿಗೆ ಮುದ್ರೆಯನ್ನು ಗಾವೊಝುವಿನ ಸಮಾಧಿಗೆ ಜೋಡಿಸಲು ಸಾಧ್ಯವಾಯಿತು. ಸಂತೆಯಲ್ಲಿ ಯಾರಿಗೋ ಮಾರಿಹೋಗಿದ್ದರೆ ಅದು ಯಾವ ರಾಣಿಯದೆಂದು ಊಹಿಸುವುದಕ್ಕೂ ದಾರಿಯಿರುತ್ತಿರಲಿಲ್ಲ.

ಇಂಥದ್ದೇ ಇನ್ನೊಂದು, ಅಂಗೈಯಲ್ಲಿ ಹಿಡಿಯುವ ಕಂಚಿನ ಹುಲಿ. ಒಂದು ಹುಲಿಯನ್ನು ಉದ್ದಕ್ಕೆ ಸೀಳಿದಂತೆ ಅದು ಅರ್ಧ ಮಾತ್ರ. ಮೈಮೇಲೆ ಚಿನ್ನದ ಎಳೆ ಕೂಡಿಸಿ ಬರೆದ 40 ಅಕ್ಷರಗಳಿವೆ. ಬಲಭಾಗ ಚಿನ್ ರಾಜ್ಯದ ದೊರೆಯ ಬಳಿ, ಎಡಭಾಗ ದು ಎಂಬ ಊರಿನ ಅಧಿಕಾರಿಯ ಬಳಿ ಇರಬೇಕು. 50ಕ್ಕಿಂತ ಹೆಚ್ಚು ಸೈನಿಕರನ್ನು ಹೊರಡಿಸಬೇಕಾದರೆ ಎರಡು ಭಾಗ ಕೂಡಲೇಬೇಕು. ಗಡಿಯಲ್ಲಿ ಅಪಾಯದ ಬೆಂಕಿ ಹೊತ್ತಿದರೆ ಮಾತ್ರ ಅದಕ್ಕೆ ಕಾಯಬೇಕಿಲ್ಲ ಎಂಬುದು ಬರಹದ ತಿರುಳು. ಐವತ್ತು ಜನರ ಓಡಾಟದ ಮೇಲೂ ಕಣ್ಣಿಟ್ಟ ಆಡಳಿತ ಮುಂದೆ ಇಡೀ ಚೀನಾವನ್ನು ಕಟ್ಟಿ ಆಳಿದ್ದು ಹೇಗೆಂದು ತಿಳಿಯಲು ಈ ಅರ್ಧ ಹುಲಿ ಸಾಕು. ಇದು 1970ರ ದಶಕದಲ್ಲಿ ಷಿಯಾನ್‌ನ ದಕ್ಷಿಣದ ಹಳ್ಳಿಯೊಂದರಲ್ಲಿ ರೈತರಿಗೆ ಸಿಕ್ಕಿದ್ದು. ಹಾನ್ ರಾಣಿಯ ಮುದ್ರೆ, ಚಿನ್ ದೊರೆಯ ಸೇನಾ ಲಾಂಛನ ಎರಡೂ ಸರಕಾರದ ಕೈಗೆ ಬಂದದ್ದು ಬೇಸಾಯಗಾರರ ಕೈಯಿಂದ.

ಎರಡು ಮಣ್ಣಿನ ಗುಡಾಣ

1970ರ ಅಕ್ಟೋಬರ್‌ನಲ್ಲಿ ಷಿಯಾನ್‌ನ ದಕ್ಷಿಣ ಹೊರವಲಯದ ಹೆಜಿಯಾ ಎಂಬ ಗ್ರಾಮದಲ್ಲಿ ಪಾಯ ತೋಡುವಾಗ ಒಂದು ದೊಡ್ಡ ಮಣ್ಣಿನ ಗುಡಾಣ ಸಿಕ್ಕಿತು. ಪುರಾತತ್ತ್ವಜ್ಞರು ಬಂದು ಸುತ್ತ ಹುಡುಕಿದಾಗ ಸಮೀಪದಲ್ಲೇ ಎರಡನೆಯದು ಕಂಡಿತು. ಜೊತೆಗೊಂದು ಬೆಳ್ಳಿಯ ಪಾತ್ರೆ. ಒಳಗಿದ್ದದ್ದು ಸಾವಿರಕ್ಕೂ ಹೆಚ್ಚು ವಸ್ತುಗಳು. ಅದರಲ್ಲಿ ಚಿನ್ನ ಬೆಳ್ಳಿಯ ಸಾಮಾನುಗಳೇ ಸುಮಾರು 270. ತಾಂಗ್ ಕಾಲದ ಅಕ್ಕಸಾಲಿ ಕೆಲಸದ ಬಗ್ಗೆ ನಮಗೆ ಇಂದು ತಿಳಿದಿರುವುದರ ದೊಡ್ಡ ಪಾಲು ಈ ಗುಡಾಣಗಳಿಂದ ಬಂದದ್ದು. ವಸ್ತುಸಂಗ್ರಹಾಲಯ ಈ ನಿಧಿಗೆಂದೇ ಪ್ರತ್ಯೇಕ ಅಂಕಣ ಮೀಸಲಿಟ್ಟಿದೆ.

ಅಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಅಗೇಟ್ ಕಲ್ಲಿನ ಪಾನಪಾತ್ರೆಯನ್ನು. ಕೆಂಪು, ಕಂದು, ಹಾಲು ಬಣ್ಣದ ಪಟ್ಟೆಗಳ ಒಂದೇ ಕಲ್ಲನ್ನು ಕೊಂಬಿನಾಕಾರಕ್ಕೆ ಕಡೆದು, ತುದಿಯಲ್ಲಿ ಜಿಂಕೆಯಂಥ ಪ್ರಾಣಿಯ ತಲೆ ಬಿಡಿಸಿದ್ದಾರೆ. ಕೊಂಬುಗಳು ಹಿಂದಕ್ಕೆ ಬಾಗಿ ಬಟ್ಟಲಿನ ಅಂಚನ್ನು ಮುಟ್ಟುತ್ತವೆ. ಮೂತಿಗೆ ಚಿನ್ನದ ಬಿರಡೆ. ಅದನ್ನು ತೆಗೆದರೆ ಒಳಗಿನ ದ್ರವ ಬಾಯಿಂದ ಹರಿಯುತ್ತದೆ. ಈ ಆಕಾರ ಚೀನಾದ್ದಲ್ಲ, ಪಶ್ಚಿಮ ಮತ್ತು ಮಧ್ಯ ಏಷ್ಯಾದ ಔತಣಗಳದ್ದು. 2002ರಲ್ಲಿ ಚೀನಾ ಸರಕಾರ ಪ್ರದರ್ಶನಕ್ಕೂ ಹೊರದೇಶಕ್ಕೆ ಕಳಿಸಬಾರದ 64 ವಸ್ತುಗಳ ಪಟ್ಟಿ ಮಾಡಿದಾಗ ಈ ಬಟ್ಟಲೂ ಅದರಲ್ಲಿ ಸೇರಿತು.

ಪಕ್ಕದಲ್ಲಿ ಬೆಳ್ಳಿಯ ಹೂಜಿ. ಅಲೆಮಾರಿಗಳ ಚರ್ಮದ ಬುದ್ದಲಿಯ ಆಕಾರ. ಎರಡೂ ಬದಿಗೆ ಒಂದೊಂದು ಕುದುರೆಯನ್ನು ಉಬ್ಬಿಸಿ ಚಿನ್ನದ ಲೇಪ ಕೊಟ್ಟಿದ್ದಾರೆ. ಹಿಂಗಾಲು ಮಡಿಸಿ, ಕೊರಳ ಪಟ್ಟಿ ಹಾರಾಡಿಸುತ್ತ, ಬಾಯಲ್ಲಿ ಬಟ್ಟಲು ಕಚ್ಚಿ ನಿಂತ ಕುದುರೆ. ಷುವಾನ್‌ಝೊಂಗ್ ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ತರಬೇತಾದ ಕುದುರೆಗಳು ಸಂಗೀತಕ್ಕೆ ಕುಣಿಯುತ್ತಿದ್ದವೆಂದು ತಾಂಗ್ ಬರಹಗಳು ಹೇಳುತ್ತವೆ. 755ರಲ್ಲಿ ದಂಡನಾಯಕ ಆನ್ ಲುಶಾನ್ ದಂಗೆಯೆದ್ದ ಮೇಲೆ ಅವು ಒಬ್ಬ ಸೇನಾನಿಯ ಲಾಯ ಸೇರಿದವಂತೆ. ಒಂದು ದಿನ ಸೈನ್ಯದಲ್ಲಿ ವಾದ್ಯ ಮೊಳಗಿದಾಗ ಹಳೆಯ ಅಭ್ಯಾಸದಂತೆ ಕುಣಿಯತೊಡಗಿದವು. ದೆವ್ವ ಹಿಡಿದಿದೆಯೆಂದು ಲಾಯದವರು ಹೊಡೆದರು. ಕುಣಿತ ಸರಿಯಾಗಲಿಲ್ಲವೆಂದು ತಿಳಿದ ಕುದುರೆಗಳು ಇನ್ನಷ್ಟು ಚೆನ್ನಾಗಿ ಕುಣಿಯುತ್ತಲೇ ಸತ್ತವು ಎಂಬುದು ಕಥೆ. ಈ ಹೂಜಿ ಸಿಗುವವರೆಗೆ ಅದು ಬರೀ ಬರಹದಲ್ಲಿತ್ತು. ಬಾಯಲ್ಲಿ ಬಟ್ಟಲು ಹಿಡಿದ ಕುದುರೆಯನ್ನು ಕಣ್ಣಾರೆ ಕಂಡಿರಬಹುದಾದ ಕಾಲದ ಕುಶಲಕರ್ಮಿಯೊಬ್ಬ ಅದಕ್ಕೆ ರೂಪ ಕೊಟ್ಟು ಹೋಗಿದ್ದಾನೆ.

ಆದರೆ ಇತಿಹಾಸಕಾರರಿಗೆ ಇವಕ್ಕಿಂತ ಹೆಚ್ಚು ಮಾತಾಡುವುದು ಯಾವ ಅಲಂಕಾರವೂ ಇಲ್ಲದ ಬೆಳ್ಳಿಯ ಬಿಲ್ಲೆಗಳು. ದಕ್ಷಿಣದ ಹುವಾಯ್‌ಜಿ ತಾಲ್ಲೂಕಿನಿಂದ ತೆರಿಗೆಯಾಗಿ ಬಂದ 10 ಲಿಯಾಂಗ್ ತೂಕದ ಬೆಳ್ಳಿ ಎಂದು ಒಂದರ ಮೇಲೆ ಕೆತ್ತಿದೆ, ವರ್ಷ 722. ಇನ್ನೊಂದರ ವರ್ಷ 731. ಬೆಳ್ಳಿಯ ಡಬ್ಬಿಗಳ ಮುಚ್ಚಳದಲ್ಲಿ ಒಳಗೆ ಏನಿದೆ, ಎಷ್ಟು ತೂಕ ಎಂದು ಶಾಯಿಯಲ್ಲಿ ಬರೆದಿದೆ. ಔಷಧಿಯ ಇಂಗಳೀಕ, ಸ್ಫಟಿಕಗಳು ಇನ್ನೂ ಇವೆ. ಬೈಜಾಂಟಿಯಂನ ಚಿನ್ನದ ನಾಣ್ಯ, ಪರ್ಷಿಯಾದ ಸಸಾನಿ ಬೆಳ್ಳಿ ನಾಣ್ಯ, ಜಪಾನಿನ ಬೆಳ್ಳಿ ನಾಣ್ಯ ಒಂದೇ ಗುಡಾಣದ ಸಂಸಾರದಲ್ಲಿ ಕೂಡಿವೆ. ಯಾರು ಹೂತರು ಎಂಬ ಚರ್ಚೆ ಮುಗಿದಿಲ್ಲ. 756ರಲ್ಲಿ ಬಂಡಾಯಗಾರರು ರಾಜಧಾನಿಗೆ ನುಗ್ಗುವ ಮುನ್ನ ಹೂತದ್ದು ಎನ್ನುವವರಿದ್ದಾರೆ. 783ರ ಸೇನಾ ದಂಗೆಯ ಹೊತ್ತಿನದು ಎನ್ನುವವರೂ ಇದ್ದಾರೆ. ಚರ್ಚೆ ನಡೆಯಲು ಸಾಧ್ಯವಾದದ್ದೇ ಗುಡಾಣದ ಒಳಗಿನದೆಲ್ಲ ಚದುರದೆ ಒಟ್ಟಿಗೆ ಉಳಿದುದರಿಂದ. ಬಟ್ಟಲು ಒಬ್ಬರ ಪಾಲಾಗಿ ಬಿಲ್ಲೆ ಇನ್ನೊಬ್ಬರ ಪಾಲಾಗಿದ್ದರೆ ಬಟ್ಟಲಿನ ಚೆಲುವು ಉಳಿಯುತ್ತಿತ್ತು, ಅದರ ಚರಿತ್ರೆ ಅಳಿಯುತ್ತಿತ್ತು.

ಗೋಡೆಯಿಂದ ಬಿಡಿಸಿದ ಚಿತ್ರಗಳು

ಈ ಸಂಸ್ಥೆಗೆ ಬೇರೆಲ್ಲೂ ಸಾಟಿ ಸಿಗದ ಸಂಗ್ರಹವೆಂದರೆ ತಾಂಗ್ ಸಮಾಧಿಗಳ ಭಿತ್ತಿಚಿತ್ರಗಳು. ಸುಮಾರು 600 ತುಣುಕು, ಒಟ್ಟು ವಿಸ್ತಾರ 1,000 ಚದರ ಮೀಟರ್‌ಗೂ ಹೆಚ್ಚು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಮೂರು ಸಮಾಧಿಗಳಿಂದ ಬಂದವು. ರಾಜಕುಮಾರಿ ಯೊಂಗ್‌ತಾಯ್‌ಳ ಸಮಾಧಿಯ ಉತ್ಖನನ ನಡೆದದ್ದು 1960ರ ದಶಕದ ಆರಂಭದಲ್ಲಿ. ರಾಜಕುಮಾರರಾದ ಝಾಂಗ್‌ಹುವಾಯ್ ಮತ್ತು ಯಿದೆ ಇವರ ಸಮಾಧಿಗಳದು 1971-72ರಲ್ಲಿ. ಮೂವರೂ ವು ಝೆತಿಯಾನ್‌ಳ ಕುಲದ ಕುಡಿಗಳು. ಒಬ್ಬ ಮಗ, ಇಬ್ಬರು ಮೊಮ್ಮಕ್ಕಳು. ಅಧಿಕಾರದ ಕಾದಾಟದಲ್ಲಿ ಆ ಮಗ ಗಡಿಪಾರಾಗಿ 684ರಲ್ಲಿ ಸತ್ತ. ಮೊಮ್ಮಕ್ಕಳಿಬ್ಬರೂ ಹದಿಹರೆಯದಲ್ಲೇ 701ರಲ್ಲಿ ಜೀವ ಕಳೆದುಕೊಂಡರು. ವು ಝೆತಿಯಾನ್ ತೀರಿಕೊಂಡ ಮರುವರ್ಷ, 706ರಲ್ಲಿ, ಮೂವರನ್ನೂ ರಾಜಮರ್ಯಾದೆಯಿಂದ ಮತ್ತೆ ಹೂಳಲಾಯಿತು. ಬದುಕಿದ್ದಾಗ ಕಿತ್ತುಕೊಂಡದ್ದನ್ನೆಲ್ಲ ಸತ್ತ ಮೇಲೆ ಗೋಡೆಗಳ ಮೇಲೆ ಬರೆಸಿಕೊಟ್ಟರು.

ಝಾಂಗ್‌ಹುವಾಯ್‌ನ ಸಮಾಧಿಗೆ ಇಳಿಯುವ ದಾರಿಯ ಪಶ್ಚಿಮ ಗೋಡೆಯಲ್ಲಿ ಪೋಲೊ ಆಟ: ನಾಗಾಲೋಟದ ಕುದುರೆಗಳು, ಬಾಗಿದ ಕೋಲುಗಳು, ಹಿಂದಿರುಗಿ ಚೆಂಡು ಹೊಡೆಯುವ ಸವಾರ. ಎದುರಿನ ಪೂರ್ವ ಗೋಡೆಯಲ್ಲಿ ಮೂವರು ಆಸ್ಥಾನಾಧಿಕಾರಿಗಳೂ ಭೇಟಿಗೆ ಕಾದು ನಿಂತ ಹೊರನಾಡಿನ ರಾಯಭಾರಿಗಳೂ. ಒಳಗಿನ ಕೋಣೆಯಲ್ಲಿ ಮೂವರು ಅರಮನೆಯ ಹೆಂಗಸರು. ಒಬ್ಬಳು ತಲೆಯೆತ್ತಿ ಹಾರುವ ಹಕ್ಕಿಯನ್ನು ನೋಡುತ್ತಿದ್ದಾಳೆ. ಒಬ್ಬಳು ಮರದ ಮೇಲಿನ ಜೀರುಂಡೆಯನ್ನು ಹಿಡಿಯಲು ಕೈ ಚಾಚಿದ್ದಾಳೆ. ಇನ್ನೊಬ್ಬಳು ಸುಮ್ಮನೆ ನಿಂತಿದ್ದಾಳೆ. ಆ ಮೂರು ನಿಲುವುಗಳಲ್ಲಿ ಅಂತಃಪುರದ ಬೇಸರವೆಲ್ಲ ಇದೆ.

ಇವನ್ನು ಸಮಾಧಿಯಿಂದ ಹೊರತಂದದ್ದು ಸುಲಭದ ಕೆಲಸವಲ್ಲ. ಚಿತ್ರವಿರುವುದು ಮಣ್ಣಿನ ಗೋಡೆಯ ಮೇಲೆ ಬಳಿದ ತೆಳು ಗಾರೆಯ ಮೇಲೆ. ತೇವ ಏರಿದರೆ ಬೂಸು, ಒಣಗಿದರೆ ಬಿರುಕು. ಕೆಲಸಗಾರರು ಚಿತ್ರದ ಮುಖಕ್ಕೆ ಅಂಟು ಹಚ್ಚಿ ಬಟ್ಟೆ ಕೂಡಿಸುತ್ತಿದ್ದರು. ಆಮೇಲೆ ಗಾರೆಯ ಪದರವನ್ನು ಗೋಡೆಯಿಂದ ಬೆರಳಷ್ಟು ಬೆರಳಷ್ಟೇ ಬಿಡಿಸಿ ಹಲಗೆಯ ಮೇಲೆ ಮಗುಚಿ ಮಲಗಿಸುತ್ತಿದ್ದರು. ಬೆನ್ನಿಗೆ ಅಂಟಿದ ಮಣ್ಣು ಕೆರೆದು, ಹೊಸ ಆಧಾರ ಕೂಡಿಸಿ, ಕೊನೆಗೆ ಮುಖದ ಬಟ್ಟೆಯನ್ನು ಬಿಡಿಸಬೇಕು. ಹೀಗೆ ಬಿಡಿಸಿದ ತುಣುಕುಗಳನ್ನು ಅವು ಯಾವ ಗೋಡೆಯ ಯಾವ ಭಾಗದವು ಎಂಬುದರ ಸಮೇತ ಕಾಪಾಡಿದ್ದರಿಂದಲೇ, ಪೋಲೊ ಆಟದ ಎದುರಿಗೆ ರಾಯಭಾರಿಗಳಿದ್ದರು ಎಂದು ನಾವು ಇಂದು ಹೇಳಬಲ್ಲೆವು. 2011ರಲ್ಲಿ, ಇಪ್ಪತ್ತನೆಯ ವರ್ಷಕ್ಕೆ, ಇಟಲಿಯ ಸಹಕಾರದಿಂದ ಈ ಚಿತ್ರಗಳಿಗೆ ಪ್ರತ್ಯೇಕ ಅಂಕಣ ಸಿದ್ಧವಾಯಿತು. ಅಲ್ಲಿ ಬೆಳಕು, ತೇವ, ಶಾಖ ಮೂರಕ್ಕೂ ಹದ್ದುಬಸ್ತು.

ಕದ್ದುಹೋದದ್ದು, ಮರಳಿ ಬಂದದ್ದು

ನೆಲದಡಿಯ ಸಂಪತ್ತಿಗೆ ಕಳ್ಳರ ಕಾಟ ತಪ್ಪಿದ್ದಲ್ಲ. ಷುವಾನ್‌ಝೊಂಗ್‌ನ ಪ್ರೀತಿಯ ರಾಣಿ ವು ಹುಯಿಫೇ 737ರಲ್ಲಿ ತೀರಿಕೊಂಡಳು. ಸತ್ತ ಮೇಲೆ ಅವಳಿಗೆ ಸಾಮ್ರಾಜ್ಞಿಯ ಪದವಿ ಕೊಟ್ಟರು. ಷಿಯಾನ್‌ನ ದಕ್ಷಿಣಕ್ಕಿರುವ ಅವಳ ಸಮಾಧಿಯನ್ನು 2004ರ ಸುಮಾರಿಗೆ ಕಳ್ಳರು ಕೊರೆದರು. ಒಳಗೆ ಮನೆಯ ಆಕಾರದ ಕಲ್ಲಿನ ಶವಮಂಟಪವಿತ್ತು. ಸುಮಾರು 4 ಮೀಟರ್ ಉದ್ದ, 27 ಟನ್ ತೂಕ, ಮೈತುಂಬ ಹೂಬಳ್ಳಿ, ಪ್ರಾಣಿ, ಸೇವಕಿಯರ ಕೆತ್ತನೆ. ಅದನ್ನೂ ಬಿಡಿಬಿಡಿಯಾಗಿ ಕಳಚಿ ದೇಶದಿಂದ ಹೊರಸಾಗಿಸಿ, ಅಮೆರಿಕದ ಸಂಗ್ರಾಹಕನೊಬ್ಬನಿಗೆ 10 ಲಕ್ಷ ಡಾಲರಿಗೆ ಮಾರಿದರು. ಷಿಯಾನ್ ಪೊಲೀಸರು ಜಾಲವನ್ನು ಭೇದಿಸಿ, ವರ್ಷಗಟ್ಟಲೆ ಬೆನ್ನುಹತ್ತಿ, ಮಾತುಕತೆ ನಡೆಸಿ 2010ರಲ್ಲಿ ಅದನ್ನು ವಾಪಸ್ ತಂದರು. ಅದೀಗ ಈ ವಸ್ತುಸಂಗ್ರಹಾಲಯದಲ್ಲಿದೆ.

ಇದು ಸಂತೋಷದ ಸಂಗತಿ, ಆದರೆ ಪೂರ್ತಿ ಸಂತೋಷವಲ್ಲ. ಕಲ್ಲು ಮರಳಿ ಬಂತು. ಕಳ್ಳರು ಕಲಕಿದ ಮಣ್ಣಿನ ಪದರ, ತುಳಿದು ಪುಡಿಮಾಡಿದ ಚಿತ್ರ, ಎತ್ತಿ ಎಸೆದ ಸಣ್ಣಪುಟ್ಟ ವಸ್ತುಗಳ ಜಾಗ ಮರಳಿ ಬರಲಿಲ್ಲ. ಹೆಜಿಯಾದ ಗುಡಾಣಗಳು ಕೊಟ್ಟಷ್ಟು ವಿವರವನ್ನು ಈ ಶವಮಂಟಪ ಎಂದೂ ಕೊಡಲಾರದು. ಕಳ್ಳಸಾಗಣೆಯ ಹಳೆಯ ವಸ್ತುವಿಗೆ ಹಣ ಕೊಡುವವರು ಕೊಳ್ಳುವುದು ಕಲ್ಲನ್ನಲ್ಲ, ಚರಿತ್ರೆಯ ನಾಶವನ್ನು. ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬೇಕಾಗಿದೆ.

ತೆರೆದ ಬಾಗಿಲು

2008ರಿಂದ ಮೂಲ ಪ್ರದರ್ಶನಕ್ಕೆ ಪ್ರವೇಶ ಉಚಿತ. ಈ ನೆಲದಿಂದ ಎದ್ದ ಬಹಳಷ್ಟು ವಸ್ತುಗಳನ್ನು ಹಳ್ಳಿಯ ಶಾಲಾ ಮಕ್ಕಳು ಕಾಸು ಕೊಡದೆ ನೋಡಬಹುದು. ಜನರ ಒತ್ತಡ ಎಷ್ಟೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ರಜಾದಿನಗಳಲ್ಲಿ ಅವಕಾಶ ಸಿಗುವುದೇ ಕಷ್ಟ. ಹಳೆಯ ಕಟ್ಟಡದಲ್ಲಿ ಜಾಗ ಸಾಲದಾದಾಗ, ಚಿನ್ ಮತ್ತು ಹಾನ್ ಕಾಲಗಳಿಗೆ ಮೀಸಲಾದ ಶಾಖೆ 2024ರ ಮೇ 18ರಂದು, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನದಂದು, ತೆರೆಯಿತು. ಆ ಕಟ್ಟಡದ ವಿನ್ಯಾಸವೂ ಝಾಂಗ್ ಜಿನ್‌ಚಿಯು ಅವರದೇ. ಅದು ನಿಂತಿರುವುದು ಪ್ರಾಚೀನ ಷಿಯಾನ್‌ಯಾಂಗ್ ಮತ್ತು ಹಾನ್ ಸಮಾಧಿಗಳಿರುವ ಸೀಮೆಯಲ್ಲಿ. ಎಂದರೆ ಸಂಗ್ರಹ ಬೆಳೆದಂತೆ ಅದು ತಾನು ಬಂದ ನೆಲದ ಕಡೆಗೇ ಇನ್ನಷ್ಟು ಸರಿಯಿತು.

ಪ್ರಾಂತೀಯ ವಸ್ತುಸಂಗ್ರಹಾಲಯ ಎಂದರೆ ರಾಜಧಾನಿಯ ದೊಡ್ಡ ಸಂಸ್ಥೆಯ ಚಿಕ್ಕ ನಕಲು ಎಂದು ತಿಳಿಯುವವರಿಗೆ ಶಾನ್‌ಷಿ ಕೊಡುವ ಉತ್ತರ ಸ್ಪಷ್ಟ. ದೊಡ್ಡ ಭಂಡಾರಗಳು ಶ್ರೇಷ್ಠವಾದುದನ್ನು ಆರಿಸಿ ತರುತ್ತವೆ. ಪ್ರಾಂತೀಯ ಸಂಸ್ಥೆ ಸಿಕ್ಕದ್ದೆಲ್ಲವನ್ನೂ ಸಿಕ್ಕ ಹಾಗೆಯೇ ಕಾಯುತ್ತದೆ, ಬಟ್ಟಲಿನ ಜೊತೆ ತೆರಿಗೆಯ ಬಿಲ್ಲೆಯನ್ನೂ. ಷಿಯಾನ್‌ನಲ್ಲಿ ಇಂದಿಗೂ ಮೆಟ್ರೊಗೆ ಸುರಂಗ ಕೊರೆದರೆ, ಮನೆಗೆ ಪಾಯ ತೆಗೆದರೆ ಸಮಾಧಿಗಳು ಎದುರಾಗುತ್ತವೆ. ಕಾರ್ಮಿಕ ಗುದ್ದಲಿ ನಿಲ್ಲಿಸಿ ಸುದ್ದಿ ಮುಟ್ಟಿಸಬೇಕು, ಪುರಾತತ್ತ್ವಜ್ಞ ಜಾಗದ ನಕ್ಷೆ ಬರೆಯಬೇಕು, ಉಗ್ರಾಣದವರು ಅದನ್ನು ದಾಖಲೆಗೆ ಏರಿಸಬೇಕು. ಈ ಮೂವರಲ್ಲಿ ಒಬ್ಬರು ತಪ್ಪಿದರೂ ಸಿಕ್ಕ ವಸ್ತು ವಿಳಾಸ ಕಳೆದುಕೊಳ್ಳುತ್ತದೆ. ದಶಕಗಳಿಂದ ಶಾನ್‌ಷಿ ಈ ಸರಪಳಿಯನ್ನು ಕಾಪಾಡಿಕೊಂಡು ಬಂದಿದೆ. ಅದರ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಾಧನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು.